ವೈನಿಯ ರೆಕಾರ್ಡ್ ಇಲ್ಲವೆಂದ ಕಂಪ್ಯೂಟರ್

ಕಳೆದ ವಾರ ಮುಂಬಯಿಯ ಬೈಕುಲ್ಲಾದ ಆಸ್ಪತ್ರೆಯೊಂದರ ಕಂಪ್ಯೂಟರ್, ನಮ್ಮ ಪಕ್ಕದ ಮನೆಯ ವೈನಿ ಆ ಆಸ್ಪತ್ರೆಗೆ ಹಿಂದೆಂದೂ ಬಂದೇ ಇಲ್ಲ ಎಂದುಬಿಟ್ಟಿತು. ವೈನಿಯ ಹೊಟ್ಟೆಯ ಮೇಲೆ ಅದೇ ಆಸ್ಪತ್ರೆ ಹಾಕಿದ ಹೊಲಿಗೆಯ ಗುರುತಿದೆ! ಯಾರನ್ನು ನಂಬೋಣ?

ವೈನಿ ಎಂದರೆ ಅವರ ಕಡೆಯ ಮಾತಿನಲ್ಲಿ ಅತ್ತಿಗೆ; ನಮ್ಮ ವೈನಿ ವೈಶಾಲಿ ಕುಲಕರ್ಣಿ. ಹುಟ್ಟಿ ಬೆಳೆದದ್ದು ಬೈಕುಲ್ಲಾ, ಸೊಸೆಯಾದದ್ದು ಧಾರವಾಡದ ಮನೆಗೆ, ಈಗ ಇರುವುದು ಭಾಂಡುಪ್‌ನ ನಮ್ಮ ಬಿಲ್ಡಿಂಗ್‌ನಲ್ಲಿ. ಪಿತ್ತಕೋಶದಲ್ಲಿ ಕಲ್ಲು. ಮರುದಿನ ಬೆಳಿಗ್ಗೆ ಆಪರೇಷನ್. ಮದುವೆಗೆ ಮುಂಚೆ ಇಲ್ಲೇ ಅಪೆಂಡಿಕ್ಸ್ ತೆಗೆದಾಗ ಯಾವುದೋ ಇಂಜೆಕ್ಷನ್ ಒಗ್ಗದೆ ಉಸಿರೇ ಕಟ್ಟಿತ್ತಂತೆ. ಯಾವ ಇಂಜೆಕ್ಷನ್? ಯಾರಿಗೂ ಗೊತ್ತಿಲ್ಲ. ಹಳೆಯ ಕೇಸ್ ಪೇಪರ್ ನೋಡದೆ ತಾನು ಅರಿವಳಿಕೆ ಕೊಡುವುದಿಲ್ಲ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದರು. ನೋವಿಗೆ ವೈನಿ ಬಾಗಿ ಕೂತಿದ್ದರು, ಪಕ್ಕದಲ್ಲಿ ಗಂಡ ಕುಲಕರ್ಣಿಯವರು. ನನಗೆ ಹೆದರಿಕೆಯಾಗಿತ್ತು.

ಹಳೆಯ ಪೇಷಂಟ್‌ಗಳ ವಿವರವನ್ನೆಲ್ಲ ಈಚೆಗೆ ಕಂಪ್ಯೂಟರ್‌ಗೆ ತುಂಬಿದ್ದಾರೆ. ಕೌಂಟರ್‌ನ ಹುಡುಗಿ ಟಕಟಕ ಒತ್ತಿದಳು. ವೈಶಾಲಿ ಕುಲಕರ್ಣಿ? ಇಲ್ಲ. ಮದುವೆಗೆ ಮುಂಚಿನ ಸರ್‌ನೇಮ್ ದೇಶಪಾಂಡೆ. ವೈಶಾಲಿ ದೇಶಪಾಂಡೆ? ಅದೂ ಇಲ್ಲ.

"ಕಂಪ್ಯೂಟರ್ ಮೇ ನಹೀ ಹೈ ತೋ ನಹೀ ಹೈ," ಎಂದಳು. (ಈ ಧೈರ್ಯ ಹಿಂದೆ ಜ್ಯೋತಿಷಿಗಳಿಗೆ ಮಾತ್ರ ಇತ್ತು.)

ನಾನು ಜಗಳಕ್ಕೆ ನಿಂತೆ. ಆ ಪ್ರೋಗ್ರಾಂ ಬರೆದ ಶೆಣೈ ಮೇಡಂ ಒಳಗಿನಿಂದ ಬಂದರು. ನಮ್ಮ ಕನ್ನಡ ಕಿವಿಗೆ ಬಿದ್ದು ಅವರ ಮುಖ ಅರಳಿತು. ಮೊದಲು ತಮಗೆ ಗೊತ್ತಿದ್ದ ಬೇರೊಬ್ಬ ಪೇಷಂಟ್ ಹೆಸರು ಒತ್ತಿದರು. ಬಂತು! ಹಾಗಾದರೆ ಯಂತ್ರ ಕೆಟ್ಟಿಲ್ಲ.

"ಮತ್ತೆ ಇವರದ್ಯಾಕೆ ಇಲ್ಲ ಅನ್ನುತ್ತೆ?" ಎಂದೆ.

"ನಾವು ಮೆನುವಿನಲ್ಲಿ ಕೇಳೋದು, ಪ್ರೋಗ್ರಾಂ ಅದನ್ನು ತನ್ನ ಭಾಷೆ ಮಾಡಿ ಒಳಗೆ ಕೇಳೋದು. ಇಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತ ಅಲ್ಲ ಮಾರಾಯ್ರೆ. ನಾವು ಕೇಳಿದ ಹಾಗೆ ಇಲ್ಲ, ಅಷ್ಟೆ."

ಈ ಮಾತು ನನಗೆ ಬಹಳ ಹಿಡಿಸಿತು. ಮನೆಯಲ್ಲಿ ಕಳೆದುಹೋದ ಎಷ್ಟು ಸಾಮಾನಿಗೆ ಇದು ಅನ್ವಯಿಸುತ್ತದೆ!

ಶೆಣೈ ಮೆನುವಿನಿಂದ ಹೊರಬಂದು, ನೇರವಾಗಿ ಒಳಗೇ ಕೇಳಿದರು. ಹೆಸರು ಬೇಡ, ದೇಶಪಾಂಡೆ ಸರ್‌ನೇಮ್‌ನ ಹೆಂಗಸರನ್ನೆಲ್ಲ ತೋರಿಸು. ಕಪ್ಪು ತೆರೆಯ ಮೇಲೆ ಹಸಿರು ದೇಶಪಾಂಡೆಯರ ಮೆರವಣಿಗೆ ಹೊರಟಿತು. ವೈಶಾಲಿ ಮಾತ್ರ ಇಲ್ಲ. ಒಂದು ಹೆಸರಿನ ಹತ್ತಿರ ವೈನಿಯ ಕಣ್ಣು ನಿಂತಿತು. ಗಂಡನ ಕಡೆ ನೋಡಿದರು. ಆಮೇಲೆ ಬಾಯಿಂದ ಹೇಳದೆ, ಬೆರಳಿಟ್ಟು ತೋರಿಸಿದರು.

ಗೋದಾವರಿ ದೇಶಪಾಂಡೆ.

"ಇದು ಯಾರ್ರೀ?" ಎಂದೆ.

"ನಾನs ರೀ."

ನಮ್ಮ ಮೈಸೂರು ಕಡೆ ಮದುವೆಯಾದರೆ ಹೆಚ್ಚೆಂದರೆ ಹೆಸರಿನ ಹಿಂದುಮುಂದು ಬದಲಾದೀತು. ಅವರಲ್ಲಿ ಹೆಸರೇ ಬದಲು! ತಟ್ಟೆಯ ಅಕ್ಕಿಯಲ್ಲಿ ಮದುಮಗ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಹಳೆಯದು ಮುಗಿಯಿತು.

"ಮೊದಲೇ ಹೇಳಬಾರದಿತ್ತಾ ವೈನಿ?"

"ನಮ್ಮತ್ತಿಯವರ ಹೆಸರೂ ಅದs ಅದರೀ. ಅತ್ತಿ ಹೆಸರು ಸೊಸಿ ಬಾಯಾಗ ಹೆಂಗ ಬರಬೇಕು? ಒಂದs ಮನ್ಯಾಗ ಇಬ್ಬರು ಬ್ಯಾಡ ಅಂತ ನಂದು ಬದಲಿ ಮಾಡಿದ್ರು. ಆಮ್ಯಾಲೆ ನನಗೂ ಅದು ನನ್ನ ಹೆಸರು ಅನ್ನಸಲಿಲ್ಲ."

ಕುಲಕರ್ಣಿಯವರು ಕನ್ನಡಕ ಒರೆಸಿದರು. "ಅಕ್ಕಿಯೊಳಗ ಬರದಾಂವ ನಾನs. ಖರೇನ ಹೊಳೀಲಿಲ್ಲ ನೋಡ್ರಿ."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ರೆಕಾರ್ಡ್ ರೂಮಿನಿಂದ ಗೋದಾವರಿಯ ಕೇಸ್ ಪೇಪರ್ ಬಂತು. ಇಂಜೆಕ್ಷನ್ ಹೆಸರಿಗೆ ಕೆಂಪು ಶಾಯಿಯ ಅಡಿಗೆರೆ. ಓದಿದ ಡಾಕ್ಟರ್ ತಮ್ಮ ಚೀಟಿ ತೆಗೆದು ಅದರ ಪಕ್ಕದಲ್ಲಿ ಇಟ್ಟರು. ಅವರು ಮರುದಿನಕ್ಕೆ ಬರೆದಿಟ್ಟಿದ್ದದ್ದೂ ಅದೇ ಔಷಧಿ! ಬೇರೆಯದು ಕೊಟ್ಟರು. ವೈನಿ ಈಗ ಮನೆಯಲ್ಲಿ ಗಂಜಿ ಕುಡಿಯುತ್ತ, ಉಪ್ಪು ಕಡಿಮೆ ಎಂದು ಗೊಣಗುತ್ತಿದ್ದಾರೆ.

ಡಿಸ್ಚಾರ್ಜ್ ದಿನ ಶೆಣೈ ಮೇಡಂ ಸಿಕ್ಕರು. ಪ್ರೋಗ್ರಾಂನಲ್ಲಿ ಹೊಸ ಖಾನೆಯೊಂದನ್ನು ಸೇರಿಸಿದ್ದಾರಂತೆ: ಮದುವೆಗೆ ಮುಂಚಿನ ಹೆಸರು.

"ನಮ್ಮನ್ನೂ ಕೇಳತದೇನ್ರಿ ಅದು?" ಎಂದರು ಕುಲಕರ್ಣಿ.

"ಕಂಪ್ಯೂಟರ್‌ಗೆ ಗಂಡು ಹೆಣ್ಣು ಭೇದ ಇಲ್ಲವಲ್ಲ, ಎಲ್ಲರನ್ನೂ ಕೇಳ್ತದೆ."

ಗಂಡಸರೇ, ನೀವು ಅಲ್ಲಿ ಏನು ಬರೆಸುತ್ತೀರಿ?