ದಿಬ್ಬದ ಮೇಲೆ ಮೂರು, ತಗ್ಗಿನಲ್ಲಿ ಹನ್ನೊಂದು

ಬೆಳಗಿನ ಐದೂಮುಕ್ಕಾಲು. ಕೊಚ್ಚಿಯ ಹಿನ್ನೀರಿನ ನಡುವೆ ಇರುವ ಕಡಮಕ್ಕುಡಿಯಲ್ಲಿ ನೀರು ಇಳಿಯುವ ಹೊತ್ತು. ಮೊಣಕಾಲುದ್ದ ಕೆಸರಿನಲ್ಲಿ ನಿಂತ ಇಂದುಮತಿ ಗದ್ದೆಯ ತಗ್ಗಿನಿಂದ ಒಂದು ಸೆನ್ಸರ್ ಕಿತ್ತು, ಅದರ ಲೋಹದ ಮುಳ್ಳುಗಳಿಗೆ ಮೆತ್ತಿದ ಮಣ್ಣನ್ನು ಹಳೆಯ ಟೂತ್‌ಬ್ರಶ್‌ನಿಂದ ಉಜ್ಜುತ್ತಾರೆ. ಆಮೇಲೆ ಬೆರಳ ತುದಿಯಿಂದ ಅಲ್ಲಿನ ನೀರನ್ನು ನಾಲಗೆಗೆ ಮುಟ್ಟಿಸಿ ಉಗಿಯುತ್ತಾರೆ. "ಇನ್ನೂ ಉಂಟು ಉಪ್ಪು. ಮೊಬೈಲಲ್ಲಿ ಹನ್ನೊಂದು ತೋರಿಸ್ತದೆ, ನಾಲಗೆಯೂ ಅದನ್ನೇ ಹೇಳ್ತದೆ."

ಕಾಸರಗೋಡಿನ ಮುಳ್ಳೇರಿಯದ ಇಂದುಮತಿಗೆ ಮೂವತ್ನಾಲ್ಕು ವರ್ಷ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಪಾಲಾರಿವಟ್ಟಂನ ಒಂದು ಕಂಪನಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಾರೆ. ಮಣ್ಣಿನ ಉಪ್ಪು, ತೇವ ಅಳೆದು ತಂತಿಯಿಲ್ಲದೆ ಆಫೀಸಿಗೆ ಕಳಿಸುವ ನಲವತ್ತಾರು ಸೆನ್ಸರ್‌ಗಳ ಆರೈಕೆ ಇವರೊಬ್ಬರದೇ. ಏಡಿ ಕೊರೆದ ಬಿಲ, ತುಕ್ಕು, ನೀರು ಹೊಕ್ಕ ಬ್ಯಾಟರಿ ಎಂದು ದಿನಕ್ಕೆ ಹದಿನೈದನ್ನಾದರೂ ಮುಟ್ಟಿ ಬರಬೇಕು. ಎಸಿ ಕೋಣೆಯಲ್ಲಿ ಪರದೆ ನೋಡಿ ಚಪ್ಪಾಳೆ ತಟ್ಟುವವರಿಗೆ ಈ ಕೈಗಳ ಪರಿಚಯವೇ ಇಲ್ಲ.

ಇಲ್ಲಿನ ಪೊಕ್ಕಾಳಿ ಭತ್ತದ ಕ್ರಮವೇ ಬೇರೆ. ಬೇಸಗೆಯಲ್ಲಿ ಉಪ್ಪುನೀರು ತುಂಬಿ ಸಿಗಡಿ ಸಾಕುವ ಗದ್ದೆಯಲ್ಲಿ, ಮಳೆಗೆ ಮುಂಚೆ ಮಣ್ಣಿನ ದಿಬ್ಬಗಳನ್ನು ಕಟ್ಟುತ್ತಾರೆ. ಮಳೆ ದಿಬ್ಬದ ಉಪ್ಪನ್ನು ತೊಳೆದ ಮೇಲೆ ಅದರ ನೆತ್ತಿಯಲ್ಲಿ ಮೊಳಕೆ ಬಿತ್ತುತ್ತಾರೆ. ತಿಂಗಳು ಕಳೆದು ತಗ್ಗಿನ ಉಪ್ಪೂ ಇಳಿದಾಗ ದಿಬ್ಬ ಒಡೆದು ಸಸಿಗಳನ್ನು ಗದ್ದೆಗೆಲ್ಲ ಹರಡುತ್ತಾರೆ. ವಾರ ಮೊದಲು ಒಡೆದರೂ ಸಸಿ ಸುಟ್ಟುಹೋಗುತ್ತದೆ.

ಹೋದ ವರ್ಷ ಆದದ್ದು ಅದೇ. ಸಿಗ್ನಲ್ ಚೆನ್ನಾಗಿ ಸಿಗುತ್ತದೆಂದು ಆಫೀಸಿನವರು ಸೆನ್ಸರ್‌ಗಳನ್ನು ದಿಬ್ಬದ ನೆತ್ತಿಯಲ್ಲೇ ನೆಡಿಸಿದರು. ತಗ್ಗಿನಲ್ಲಿ ನೆಡಬೇಕೆಂದು ಇಂದುಮತಿ ಎರಡು ಸಲ ಬರೆದರು, ಉತ್ತರವಿಲ್ಲ. ದಿಬ್ಬದ ಉಪ್ಪಿನ ಅಂಕಿ ಮೂರಕ್ಕೆ ಇಳಿದದ್ದೇ ತಡ, "ಒಡೆಯಬಹುದು" ಎಂಬ ಮೆಸೇಜ್ ರೈತರಿಗೆ ಹೋಯಿತು. ಸುಮಿತ್ರ ಒಂದೂವರೆ ಎಕರೆಯ ಒಡತಿ. "ನಾನೂ ನೀರು ರುಚಿ ನೋಡಿದ್ದೆ, ಉಪ್ಪೇ ಇತ್ತು. ಮಿಷನ್ ಸುಳ್ಳು ಹೇಳ್ತದಾ ಅಂತ ಒಡೆದುಬಿಟ್ಟೆ ಮಗಳೇ," ಎಂದು ಮಲಯಾಳದಲ್ಲಿ ಹೇಳುವಾಗ ಅವರು ಇಂದುಮತಿಯ ಮುಖ ನೋಡುವುದಿಲ್ಲ. ನಾಲ್ಕೇ ದಿನದಲ್ಲಿ ಸಸಿಗಳೆಲ್ಲ ಕೆಂಪಗಾದವು.

ಕಂಪನಿಯ ವರದಿಯಲ್ಲಿ ಬರೆದದ್ದೇನು ಗೊತ್ತೇ? ರೈತರು ಸೂಚನೆಯನ್ನು ಸರಿಯಾಗಿ ಪಾಲಿಸಲಿಲ್ಲವಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಕೆಸರಿಗೆ ಒಮ್ಮೆಯೂ ಕಾಲಿಡದವರಿಗೆ ಹೀಗೆ ಬರೆಯಲು ನಾಚಿಕೆ ಬೇಡವೇ? ಓದಿದ ನನಗೇ ಮೈ ಉರಿಯಿತು.

ಈ ವರ್ಷ ಇಂದುಮತಿ ಯಾರನ್ನೂ ಕೇಳಲಿಲ್ಲ. ಸೆನ್ಸರ್‌ಗಳನ್ನು ತಾವೇ ತಗ್ಗಿಗಿಳಿಸಿದ್ದಾರೆ. ನೀರು ಏರಿದಾಗ ಸಿಗ್ನಲ್ ಹೋಗಿ ಆಫೀಸಿನ ಪರದೆಯಲ್ಲಿ ಕೆಂಪು ಚುಕ್ಕಿ ಬೀಳುತ್ತದೆ. ಸೋಮವಾರದೊಳಗೆ ಮತ್ತೆ ದಿಬ್ಬಕ್ಕೆ ಏರಿಸದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲವೆಂದು ಮ್ಯಾನೇಜರ್ ಋತ್ವಿಕ್ ನಿನ್ನೆ ಫೋನಿನಲ್ಲಿ ಹೇಳಿದ್ದಾರೆ. "ಆಫೀಸಿಗೆ ನೋಡ್ಲಿಕ್ಕೆ ಬರುವವರಿಗೆ ಪರದೆ ಹಸಿರು ಕಾಣ್ಬೇಕಂತೆ ಮಾರಾಯ್ರೆ. ಸಸಿ ಹಸಿರು ಉಂಟಲ್ಲ ಸರ್, ಅದನ್ನು ಬಂದು ನೋಡಿ ಅಂದೆ. ಫೋನ್ ಇಟ್ರು."

ಉಜ್ಜಿದ ಸೆನ್ಸರನ್ನು ಅವರು ಮತ್ತೆ ತಗ್ಗಿನಲ್ಲೇ ಒತ್ತಿ ನೆಡುತ್ತಾರೆ. ಕಂಪನಿಯಿಂದ ನಿಮಗೇನಾಗಬೇಕು ಎಂದು ಕೇಳಿದೆ.

"ಹೆಚ್ಚು ಎಂತದೂ ಬೇಡ. ರೈತರಿಗೆ ಹೋಗುವ ಮೆಸೇಜಿನ ಅಡಿಯಲ್ಲಿ ನನ್ನ ಹೆಸರು, ನಂಬರ್ ಹಾಕ್ಲಿ. ತಪ್ಪಾದ್ರೆ ಬೈಲಿಕ್ಕೆ ಅವರಿಗೆ ಒಬ್ರು ಮನುಷ್ಯರಾದ್ರೂ ಬೇಕಲ್ವಾ?"