ಎವೆಲಿಯೊನ ಹಸಿರು ಪರದೆ

ಮರಕೈಬೊ ನಗರದ ನಮ್ಮ ಆಸ್ಪತ್ರೆಯ ದುರಸ್ತಿ ಮೇಲ್ವಿಚಾರಕ ಎವೆಲಿಯೊ, ಕೆಲಸಗಳ ಪಟ್ಟಿಯನ್ನು ಬ್ರೌಸರ್‌ನಲ್ಲಿ ನೋಡುವವರನ್ನು ಕಂಡರೆ ಮೂಗು ಮುರಿಯುತ್ತಾನೆ. "ಬ್ರೌಸರ್ ನಂಬೋದೂ ಒಂದೇ, ಸರ್ಕಾರದ ಕರೆಂಟ್ ನಂಬೋದೂ ಒಂದೇ!" ಲ್ಯಾಪ್‌ಟಾಪಿಗೆ ಇಳಿಸಿಕೊಂಡ ತನ್ನ ಆ್ಯಪ್ ನೆಟ್ ಹೋದರೂ ನಡೆಯುತ್ತದೆಂಬುದೇ ಅವನ ಹೆಮ್ಮೆ. ಕುರ್ಚಿ ಬಿಟ್ಟೇಳದೆ ಕೆಟ್ಟ ಪಂಪು, ಕೆಟ್ಟ ಲಿಫ್ಟು, ಎಲ್ಲವನ್ನೂ 'ಮುಗಿದಿದೆ' ಎಂದು ಹಸಿರು ಮಾಡಿಬಿಡುತ್ತಾನೆ. ಮೊನ್ನೆ ನರ್ಸ್ ನೆಲಿದಾ ಕೇಳಿದಳು: "ಏನ್ ಸಾಹೇಬ್ರೆ, ನಿಮ್ಮಮ್ಮ ಇರೋ ವಾರ್ಡಿನ ಜನರೇಟರ್ ನನ್ನ ಬ್ರೌಸರ್‌ನಲ್ಲಿ ಇನ್ನೂ ಕೆಂಪಗೇ ಇದೆ?" "ನನ್ನ ಲ್ಯಾಪ್‌ಟಾಪಿಗೆ ನೆಟ್ ಬರ್ಲಿ ತಾಯಿ, ನಿಂದೂ ಹಸಿರಾಗುತ್ತೆ." ನಿನ್ನೆ ಕರೆಂಟ್ ಹೋಯಿತು, ಜನರೇಟರ್ ಏಳಲಿಲ್ಲ, ಅವನಮ್ಮನ ಉಸಿರಾಟದ ಯಂತ್ರ ನಿಂತಿತು. ನೆಲಿದಾ ಕೈಯಿಂದಲೇ ಗಾಳಿಚೀಲ ಒತ್ತುತ್ತಿದ್ದಳು. ಎವೆಲಿಯೊ ಲ್ಯಾಪ್‌ಟಾಪ್ ಎತ್ತಿ ಹಿಡಿದು, ಒಂದೂ ಕೆಂಪಿಲ್ಲದ ಆ ಪರದೆಯ ಬೆಳಕಿನಲ್ಲಿ, ಅಮ್ಮನ ಎದೆ ಏರುತ್ತದೆಯೇ ಎಂದು ನೋಡುತ್ತ ನಿಂತಿದ್ದ.