ಹನ್ನೆರಡನೆಯ ಪೆಟ್ಟಿಗೆ

ಅವರ ಬಲಗೈ ಹೆಬ್ಬೆರಳ ತುದಿ ಚಪ್ಪಟೆಯಾಗಿತ್ತು. ವರ್ಷಗಟ್ಟಲೆ ವಾಕಿಟಾಕಿಯ ಗುಂಡಿ ಒತ್ತಿ ಒತ್ತಿ ಆದದ್ದು. ಎದುರಿಗೆ ಕೂತು ಚಾ ಕುಡಿಯುತ್ತ ಮಾತಾಡುವಾಗಲೂ ಮೊದಲು ಆ ಬೆರಳನ್ನು ತೋರುಬೆರಳಿಗೆ ಒತ್ತುತ್ತಿದ್ದರು, ಒಂದು ಕ್ಷಣ ತಡೆದು ಮಾತು ಶುರುಮಾಡುತ್ತಿದ್ದರು, ಮುಗಿದ ಮೇಲೆ ಬೆರಳು ಸಡಿಲಿಸುತ್ತಿದ್ದರು. ಅಷ್ಟರೊಳಗೆ ನಡುವೆ ಬಾಯಿ ಹಾಕಿದರೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಬೇಳೆ ಮುಗಿದಿದೆ ಎಂದು ಹೇಳುವುದಕ್ಕೂ ಅವರ ಹೆಂಡತಿ ಆ ಬೆರಳು ಸಡಿಲವಾಗುವುದನ್ನು ಕಾಯುತ್ತಿದ್ದರು.

ನಾವು ಅವರನ್ನು ಕರೆಯುತ್ತಿದ್ದದ್ದು ಫೋರ್ಮನ್ನರು ಎಂದು. ಅವರ ಊರು ಭಟ್ಕಳ ದಾಟಿದ ಮೇಲೆ ಸಿಗುವ ಬೆಳಕೆ, ನನ್ನದು ಕುಮಟಾ. ದುಡಿದದ್ದು ಮಾತ್ರ ಇಬ್ಬರೂ ರಾಜಸ್ಥಾನದ ಒಂದು ಗಣಿಯಲ್ಲಿ, ನೆಲದ ಅಡಿಯಲ್ಲಿ. ಅಲ್ಲಿ ಮೊಬೈಲು ಜೇಬಿನಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸುರಂಗದ ಗೋಡೆಗುಂಟ ಎಳೆದ ದಪ್ಪ ಕೇಬಲ್ಲೇ ಗತಿ. ನಾನು ಸೇರಿದ ದಿನ ಅವರು ಅದನ್ನು ತೋರಿಸಿ, ತೋಟಕ್ಕೆ ತೂತು ಹೊಡೆದ ಪೈಪು ಎಳೆಯುವುದಿಲ್ಲವೇ, ಇದೂ ಹಾಗೆಯೇ, ನೀರಿನ ಬದಲು ಮಾತು ಸೋರುತ್ತದೆ ಎಂದಿದ್ದರು. ಮಾತು ದೂರ ಹೋದಂತೆ ಸೊರಗದಿರಲಿ ಎಂದು ದಾರಿಯುದ್ದಕ್ಕೂ ಹನ್ನೆರಡು ಪೆಟ್ಟಿಗೆಗಳಿದ್ದವು. ಡಿಗ್ರಿ ಪಡೆದು ಬಂದ ನನಗೆ ಆ ಒಂದು ಮಾತಿನಲ್ಲಿ ತಿಳಿದಷ್ಟು ಪುಸ್ತಕದಲ್ಲಿ ತಿಳಿದಿರಲಿಲ್ಲ.

ಪೆಟ್ಟಿಗೆಗಳಿಗೆ ಕಂಪನಿ ಕೊಟ್ಟ ನಂಬರುಗಳಿದ್ದವು. ಯಂತ್ರಗಳ ಗದ್ದಲದಲ್ಲಿ ನಂಬರು ಕಿವಿಗೆ ನಿಲ್ಲುವುದಿಲ್ಲ ಎಂದು ಫೋರ್ಮನ್ನರು ಅವಕ್ಕೆ ನಮ್ಮ ಬಸ್ ಸ್ಟಾಪುಗಳ ಹೆಸರಿಟ್ಟರು. ಕುಮಟಾ, ಹಂದಿಗೋಣ, ಧಾರೇಶ್ವರ, ಹಳದೀಪುರ, ಕರ್ಕಿ, ಹೊನ್ನಾವರ, ಕಾಸರಕೋಡ, ಮಂಕಿ, ಮುರ್ಡೇಶ್ವರ, ಶಿರಾಲಿ, ಭಟ್ಕಳ. ಕೊನೆಯದು, ಹನ್ನೆರಡನೆಯದು, ಬೆಳಕೆ. ದಿನವೂ ಪಾಳಿ ಮುಗಿಯುವ ಮುಂಚೆ ಅವರು ಸುರಂಗದಲ್ಲಿ ಅಷ್ಟು ದೂರ ನಡೆಯುತ್ತಿದ್ದರು. ಒಂದೊಂದು ಪೆಟ್ಟಿಗೆಯ ಬುಡದಲ್ಲಿ ನಿಂತು ಹೆಸರು ಹೇಳುತ್ತಿದ್ದರು. ಮೇಲಿನ ಕೋಣೆಯಲ್ಲಿ ಕೂತ ನಾನು ಅದೇ ಹೆಸರನ್ನು ಮರಳಿ ಹೇಳಬೇಕು. ಮಾತು ಮುಟ್ಟಿತೆಂದು ಅವರು "ಆತು" ಎನ್ನಬೇಕು. ಆಮೇಲೆಯೇ ನಾನು ಹಾಳೆಯಲ್ಲಿ ಗುರುತು ಹಾಕುವುದು. ಹೆಸರು ಬಾರದೆ ಕಾಲು ಗಂಟೆಯಾದರೆ ಕೂಡಲೇ ಕೆಳಗೆ ಜನ ಕಳಿಸಬೇಕು.

ಒಮ್ಮೆ ನಾನು ಚುರುಕುತನ ತೋರಿಸಲು ಅವರಿಗಿಂತ ಮೊದಲೇ "ಮಂಕಿ" ಎಂದುಬಿಟ್ಟೆ. ಅವರು ನಡೆದಷ್ಟು ದಾರಿಯನ್ನೂ ಹಿಂದೆ ಹೋಗಿ, ಮತ್ತೆ ಕುಮಟಾದಿಂದ ಶುರುಮಾಡಿದರು. ಮೇಲೆ ಬಂದ ಮೇಲೆ ಹೆಬ್ಬೆರಳು ಒತ್ತಿ ಹೇಳಿದರು:

"ಕಾಲ್ ತಾಗ್ದೇ ಊರ್ ಹೆಸ್ರು ಹೇಳೂಕಾಗ."

ಎಂಟು ವರ್ಷದ ಹಿಂದೆ ಒಂದು ದಿನ ನಡೆದದ್ದು ಇದು. ಎರಡು ತಿಂಗಳಿಂದ ರಜೆಯಿಲ್ಲದೆ ನಾನು ಸೋತು ಸುಣ್ಣವಾಗಿದ್ದೆ. ಅಂದು ಮಧ್ಯಾಹ್ನ ಊರಿಗೆ ಹೋಗುವ ರೈಲಿಗೆ ಟಿಕೆಟ್ಟಿತ್ತು. ಸ್ಟೇಷನ್ನಿಗೆ ಬಿಡುವ ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿತ್ತು. ಫೋರ್ಮನ್ನರು ಭಟ್ಕಳ ಎಂದರು, ನಾನೂ ಭಟ್ಕಳ ಎಂದೆ, ಅವರು ಆತು ಎಂದರು. ಆಮೇಲೆ ಏನೂ ಬರಲಿಲ್ಲ. ಐದು ನಿಮಿಷ ಕಾದೆ. ಮತ್ತೆ ಹಾರ್ನ್ ಕೇಳಿಸಿತು. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಬೆಳಕೆ ಬಂದೇ ಬರುತ್ತದೆ, ಅವರು ತಪ್ಪಿಸುವವರಲ್ಲ ಎಂದುಕೊಂಡೆ. ಹನ್ನೆರಡನೆಯ ಪೆಟ್ಟಿಗೆಯ ಎದುರೂ ಗುರುತು ಹಾಕಿದೆ, ಸಹಿ ಮಾಡಿ ಹೊರಬಿದ್ದೆ.

ಕೆಳಗೆ ಹನ್ನೆರಡನೆಯ ಪೆಟ್ಟಿಗೆ ಸತ್ತಿತ್ತು. ಅದರ ಹತ್ತಿರ ಗೋಡೆಯ ಕಲ್ಲೊಂದು ಕಳಚಿ ಫೋರ್ಮನ್ನರ ಮಂಡಿಯ ಮೇಲೆ ಬಿದ್ದಿತ್ತು. ಅವರು ಅಲ್ಲೇ ಬಿದ್ದುಕೊಂಡು ವಾಕಿಟಾಕಿಯಲ್ಲಿ ಕರೆಯುತ್ತಲೇ ಇದ್ದರಂತೆ. ಮಾತು ಎಲ್ಲಿಗೂ ಮುಟ್ಟಲಿಲ್ಲ. ಕೆಳಗಿಳಿದವರ ಹಾಜರಿ ಬಿಲ್ಲೆಗಳನ್ನು ಲೆಕ್ಕ ಮಾಡುವಾಗ ಒಂದು ಬಿಲ್ಲೆ ಮರಳಿಲ್ಲವೆಂದು ಗೊತ್ತಾದದ್ದು ನಾಲ್ಕು ಗಂಟೆಯ ನಂತರ. ನಾನು ನಿಯಮದಂತೆ ಕಾದಿದ್ದರೆ ಅರ್ಧ ಗಂಟೆಯೊಳಗೆ ಜನ ಅವರ ಬಳಿ ಇರುತ್ತಿದ್ದರು. ನನಗೆ ಸುದ್ದಿ ಬಂದಾಗ ರೈಲು ಎರಡು ಜಿಲ್ಲೆ ದಾಟಿತ್ತು. ಕುಮಟಾ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಮನೆಗೆ ಹೋಗದೆ ಬೆಂಚಿನ ಮೇಲೆ ಕೂತೇ ಇದ್ದೆ.

ರಜೆ ಮುಗಿಸಿ ಹೋದಾಗ ವಿಚಾರಣೆ ನಡೆದಿತ್ತು. ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೇ ಅಧಿಕಾರಿಯ ಕೋಣೆಗೆ ಹೋದೆ. ಆತ ನನ್ನನ್ನು ಕೂರಿಸಿ, ಗಾಬರಿಪಡಬೇಡ, ನಿನ್ನದೇನೂ ತಪ್ಪಿಲ್ಲ ಎಂದ. ನಾನು ಗುರುತು ಹಾಕಿದ ಹಾಳೆಯನ್ನು ಆಸ್ಪತ್ರೆಯಲ್ಲಿ ತೋರಿಸಿದಾಗ ಫೋರ್ಮನ್ನರು ಹೇಳಿಕೆ ಕೊಟ್ಟಿದ್ದರು: ಕೊನೆಯ ಪೆಟ್ಟಿಗೆ ಮುಟ್ಟಿದೆ, ಹೆಸರು ಹೇಳಿದೆ, ಹುಡುಗ ಮರಳಿ ಹೇಳಿದ, ಆಮೇಲೆ ಕಲ್ಲು ಬಿತ್ತು, ಪೆಟ್ಟಿಗೆ ಕೆಟ್ಟದ್ದೂ ಆವಾಗಲೇ. ದಿನಕ್ಕೆ ಹನ್ನೆರಡು ಸಲ ಸತ್ಯವನ್ನೇ ಹೇಳಿಸುತ್ತಿದ್ದ ಮನುಷ್ಯ ನನಗಾಗಿ ಒಂದು ಸುಳ್ಳು ಹೇಳಿದ್ದರು. ಹೇಳಲು ಹೋದದ್ದನ್ನು ನುಂಗಿಕೊಂಡು ಎದ್ದು ಬಂದೆ. ನೌಕರಿ ಉಳಿಯಿತು. ಅವರ ಮಂಡಿ ಮಾತ್ರ ಮತ್ತೆ ಮಡಚಲಿಲ್ಲ. ವರ್ಷದೊಳಗೆ ಅವರನ್ನು ಊರಿಗೆ ಕಳಿಸಿದರು, ನನಗೆ ಬಡ್ತಿ ಸಿಕ್ಕಿತು.

ಈಗ ನಾನು ಕುಮಟಾದ ಮನೆಯಲ್ಲೇ ಕೂತು ಆ ಗಣಿಯ ಜಾಲವನ್ನು ಕಾಯುತ್ತೇನೆ. ಕೆಳಗಿಳಿದವರ ಹೆಲ್ಮೆಟ್ಟಿಗೆಲ್ಲ ಅವರಿರುವ ಜಾಗ ತೋರಿಸುವ ಚಿಪ್, ನನ್ನೆದುರು ಮೂರು ಪರದೆ, ಪರದೆ ತುಂಬ ಹಸಿರು ಚುಕ್ಕಿ. ಚುಕ್ಕಿ ನೋಡಿ ನೋಡಿ ಕಣ್ಣೂ ಸೋತಿದೆ, ಮನಸ್ಸೂ ಸೋತಿದೆ. ನನಗೆ ಹಸಿರಿನ ಮೇಲೆ ನಂಬಿಕೆಯಿಲ್ಲ. ದಿನವೂ ಒಬ್ಬನನ್ನು ಕೊನೆಯ ತನಕ ನಡೆಸಿ ಹೆಸರು ಹೇಳಿಸುತ್ತೇನೆ. ಅಲ್ಲಿಯ ಹೊಸ ಹುಡುಗರು ನನಗೆ ತಲೆ ಕೆಟ್ಟಿದೆ ಎಂದು ಆಡಿಕೊಳ್ಳುತ್ತಾರೆ. ಧಾರೇಶ್ವರ ಎನ್ನಲು ಬಾರದೆ ಅವರು ಪಡುವ ಪಾಡು ದೇವರಿಗೇ ಪ್ರೀತಿ.

ರಜೆ ಸಿಕ್ಕಾಗೆಲ್ಲ ಬಸ್ಸು ಹತ್ತಿ ಬೆಳಕೆಗೆ ಹೋಗುತ್ತಿದ್ದೆ, ಇವತ್ತು ಒಪ್ಪಿಕೊಂಡುಬಿಡಬೇಕು ಎಂದು. ಅವರು ಜಗುಲಿಯಲ್ಲಿ ಎಡಗಾಲು ನೀಡಿ ಕೂತಿರುತ್ತಿದ್ದರು. ಈಗ ಪೆಟ್ಟಿಗೆ ಎಷ್ಟಾಯಿತು, ಕೇಬಲ್ಲಿಗೆ ನೀರು ಇಳಿಯುವುದು ನಿಂತಿತೇ ಎಂದು ಕೇಳುತ್ತಿದ್ದರು. ಅವರ ಹೆಂಡತಿ ಬಂಗಡೆ ಮೀನು ಹುರಿದು ಬಡಿಸುತ್ತಿದ್ದರು. ಉಂಡು ಬರುತ್ತಿದ್ದೆ. ಹೋಗುವಾಗ ಬಾಯಲ್ಲಿದ್ದ ಮಾತು ಬರುವಾಗಲೂ ಬಾಯಲ್ಲೇ ಇರುತ್ತಿತ್ತು. ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತೆಂದು ನನಗೂ ಗೊತ್ತಿತ್ತು. ಆದರೆ ಹೇಳದ ಮಾತು ಮುಟ್ಟಿದ ಮಾತಲ್ಲ ಎಂದು ಕಲಿಸಿದವರೇ ಅವರು.

ಈ ಬೇಸಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಕುಮಟಾದ ಆಸ್ಪತ್ರೆಗೆ ತಂದರು. ನಾಲ್ಕನೆಯ ದಿನ ಮಧ್ಯಾಹ್ನ ಅವರ ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಾಗ ಕಿವಿಯ ಹತ್ತಿರ ಬಾಗಿ ಹೇಳಿದೆ:

"ಅವತ್ತು ನಾನು ಕೇಳದೇ ಬರೆದೆ."

ಅವರ ಹೆಬ್ಬೆರಳು ಮೆಲ್ಲಗೆ ತೋರುಬೆರಳಿಗೆ ಒತ್ತಿತು. ನಾನು ಕಾದೆ. ತೊದಲುತ್ತ, ಆದರೆ ಒಂದಕ್ಷರವೂ ಬಿಡದೆ, ಅವರು ಮರಳಿ ಹೇಳಿದರು:

"ಅವತ್ತು ನಾನು ಕೇಳದೇ ಬರೆದೆ. ಆತು."

ಬೆರಳು ಸಡಿಲವಾಯಿತು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಮಾತು ಮುಟ್ಟಿತು ಎಂದರು, ಅಷ್ಟೇ. ಎಂಟು ವರ್ಷದಿಂದ ಹೊತ್ತದ್ದು ಇಳಿದಂತಾಗಿ ನಾನು ಮಂಚದ ಕಬ್ಬಿಣಕ್ಕೆ ಹಣೆ ಹಚ್ಚಿ ಅತ್ತೆ.

ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಆಂಬುಲೆನ್ಸಿನಲ್ಲಿ ಒಂದು ಬದಿಗೆ ಅವರ ಹೆಂಡತಿ, ಇನ್ನೊಂದು ಬದಿಗೆ ನಾನು. ಗಾಡಿ ಹೊರಟಾಗ ನನ್ನ ಬಾಯಿಂದ ತಾನಾಗಿಯೇ ಕುಮಟಾ ಎಂದು ಬಂತು. ಹಂದಿಗೋಣ ಎಂದೆ, ಧಾರೇಶ್ವರ ಎಂದೆ. ಎಂತ ಹೇಳುತ್ತಿದ್ದೀರಿ ಎಂದು ಅವರ ಹೆಂಡತಿ ಕೇಳಿದರು. ಪೆಟ್ಟಿಗೆಗಳ ಕತೆ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಊರಿಗೆ ಕಿವಿಗೊಟ್ಟರು. ಶರಾವತಿ ಸೇತುವೆ, ಕಾಸರಕೋಡ, ಮಂಕಿ, ಒಂದೂ ತಪ್ಪಿಸಲಿಲ್ಲ. ಭಟ್ಕಳ ದಾಟಿದ ಮೇಲೆ ಬಾಯಿ ಮುಚ್ಚಿ ಕೂತೆ.

ಬೆಳಕೆಯಲ್ಲಿ ಗಾಡಿ ನಿಂತಿತು. ಅಂಗಳದಲ್ಲಿ ಜನ ಸೇರಿದ್ದರು. ನಾನು ಹಿಂದಿನ ಬಾಗಿಲಿನಿಂದ ಇಳಿದೆ, ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ ಹೇಳಿದೆ:

"ಬೆಳಕೆ."

ಒಳಗಿಂದ, ಅವರ ಕೈ ಹಿಡಿದುಕೊಂಡೇ, ಅವರ ಹೆಂಡತಿ ಮರಳಿ ಹೇಳಿದರು:

"ಬೆಳಕೆ."